ನೀರಾ ಪಾತ್ರೆ ಬದಲಿಸುವಾಗ: ಮಾಡಬೇಕಾದ್ದು, ಮಾಡಬಾರದ್ದು

ಹೊರಗಿನವರಿಗೆ ಚೇಳೂರು ಎಂದರೆ ಹಲಸು. ಸಿದ್ದು ಹಲಸಿನ ಮೂಲ ಮರ ಇರುವುದು ಈ ಸೀಮೆಯಲ್ಲಿ, ಹಣ್ಣಿನ ಕಾಲಕ್ಕೆ ಹಲಸು ಕೊಳ್ಳಲು ಲಾರಿ ಬರುವುದೂ ಇಲ್ಲಿನ ಮಾರುಕಟ್ಟೆಗೆ. ಆದರೆ ಗುಬ್ಬಿ ತಾಲ್ಲೂಕಿನ ಮನೆಗಳನ್ನು ವರ್ಷವಿಡೀ ನಡೆಸುವುದು ತೆಂಗು. ಕೊಬ್ಬರಿ ದರ ಬಿದ್ದಾಗ, ನುಸಿ ಹತ್ತಿ ಕಾಯಿ ಸೊರಗಿದಾಗ, ನೀರಾ ಇಳಿಸೋಣ ಎಂಬ ಮಾತು ತೋಟದಲ್ಲಿ ಏಳುತ್ತದೆ. ನುಸಿ ರೋಗದ ಕಾಲದಲ್ಲೇ, ನೀರಾ ಇಳಿಸುವ ಹಕ್ಕು ಕೇಳಿ ನೀರಾ ಚಳವಳಿ ಹುಟ್ಟಿತು. 2001ರಲ್ಲಿ ಚನ್ನಪಟ್ಟಣ ತಾಲ್ಲೂಕಿನ ವಿಠಲೇನಹಳ್ಳಿಯಲ್ಲಿ ಪೊಲೀಸರು ಗುಂಡು ಹಾರಿಸಿ ಇಬ್ಬರು ರೈತರು ಪ್ರಾಣ ಕಳೆದುಕೊಂಡರು. ಅಷ್ಟು ಬೆಲೆ ತೆತ್ತು ಕೇಳಿದ ಹಕ್ಕನ್ನು ಕೊಳಕು ಕ್ಯಾನಿನಲ್ಲಿ ಹುಳಿಸಿ ಕಳೆದುಕೊಳ್ಳಬಾರದು.

ಹೊಂಬಾಳೆಯಿಂದ ಒಸರುವ ಹೊತ್ತಿಗೆ ನೀರಾದಲ್ಲಿ ಮದ್ಯಸಾರ ಇಲ್ಲ. ಅದು ಬಾಯಿಗೆ ಬರುವ ಮೊದಲು ಮರದ ಮೇಲಿನ ಪಾತ್ರೆ, ಕೆಳಗಿನ ಕ್ಯಾನು, ಸೋಸುವ ಪಾತ್ರೆ, ಬಾಟಲಿ ಎಂದು ಕಡಿಮೆಯೆಂದರೂ ನಾಲ್ಕು ಮನೆ ಬದಲಿಸುತ್ತದೆ. ಪ್ರತಿ ಬದಲಾವಣೆಯಲ್ಲೂ ಅದಕ್ಕೆ ಬಿಸಿ ತಾಗುತ್ತದೆ, ಗಾಳಿ ತಾಗುತ್ತದೆ, ಹಿಂದಿನ ದಿನದ ಉಳಿಕೆ ತಾಗುತ್ತದೆ. ನೀರಾ ಹೆಂಡವಾಗುವುದು ಬಹುಪಾಲು ಈ ಹೊತ್ತಿನಲ್ಲೇ. ಆದ್ದರಿಂದ ಈ ಸೂಚನೆ ಪಾತ್ರೆ ಬದಲಿಸುವ ಕೆಲಸಕ್ಕಷ್ಟೇ ಮೀಸಲು. ತೋಟದಲ್ಲಿ ನೀರಾ ಇಳಿಸುವವರು, ಮನೆಯಲ್ಲಿ ಸೋಸಿ ತುಂಬುವವರು, ರಸ್ತೆ ಬದಿಯಲ್ಲಿ ಲೋಟಕ್ಕೆ ಸುರಿದು ಕೊಡುವವರು ಮೂವರೂ ಓದಬೇಕು.

1. ಮೊದಲು ಅನುಮತಿ

ಮಾಡಬೇಕಾದ್ದು

• ಒಂದು ಮರ ಕಟ್ಟುವ ಮೊದಲೂ ಅಬಕಾರಿ ಇಲಾಖೆಯ ಅನುಮತಿ ಪಡೆಯಿರಿ. ತೆಂಗು, ಈಚಲು ಮರಗಳಿಂದ ರಸ ಇಳಿಸುವುದು ಕರ್ನಾಟಕ ಅಬಕಾರಿ ಕಾಯ್ದೆ, 1965ರ ವ್ಯಾಪ್ತಿಗೆ ಬರುತ್ತದೆ. ಮರ ನಿಮ್ಮದು, ತೋಟ ನಿಮ್ಮದು ಎಂಬುದು ಅನುಮತಿಯಲ್ಲ.

• ತೆಂಗು ಬೆಳೆಗಾರರ ಕಂಪನಿಯ ಮೂಲಕ ಹೋಗುವವರು ಅನುಮತಿ ಪತ್ರದ ಪ್ರತಿಯನ್ನು ನೀರಾ ಸಾಗಿಸುವ ಗಾಡಿಯಲ್ಲೇ ಇಡಿ. ಯಾವ ಮರಗಳು, ಎಷ್ಟು ಮರಗಳು ಎಂಬುದು ಪತ್ರದಲ್ಲಿದ್ದಂತೆಯೇ ತೋಟದಲ್ಲೂ ಇರಲಿ.

• ಮಾರುವ ಉದ್ದೇಶವಿದ್ದರೆ ಆಹಾರ ಸುರಕ್ಷತಾ ನೋಂದಣಿ ಬೇರೆಯೇ ಮಾಡಿಸಿ. ಒಂದರ ಬದಲು ಇನ್ನೊಂದು ನಡೆಯುವುದಿಲ್ಲ.

ಮಾಡಬಾರದ್ದು

• "ಮನೆ ಮಟ್ಟಿಗೆ ತಾನೆ" ಎಂದು ಅನುಮತಿಯಿಲ್ಲದೆ ಇಳಿಸಬೇಡಿ.

• ಹುಳಿದದ್ದನ್ನು ನೀರಾ ಹೆಸರಿನಲ್ಲಿ ಸಾಗಿಸಬೇಡಿ. ಹುಳಿದ ಮೇಲೆ ಅದು ಹೆಂಡ. ನೀರಾಕ್ಕೆ ಕೊಟ್ಟ ಅನುಮತಿ ಹೆಂಡವನ್ನು ಕಾಯುವುದಿಲ್ಲ.

2. ಯಾವ ಪಾತ್ರೆ, ಯಾವುದು ಬೇಡ

ಮಾಡಬೇಕಾದ್ದು

• ಮರದ ಮೇಲೆ ಸಾಧ್ಯವಾದಷ್ಟು ಮಟ್ಟಿಗೆ ಐಸ್ ಪೆಟ್ಟಿಗೆಯನ್ನೇ ಬಳಸಿ. ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ಕೋಕೋ-ಸ್ಯಾಪ್ ಚಿಲ್ಲರ್ ಎಂಬ ಸಾಧನ ರೂಪಿಸಿದೆ. ಹೊಂಬಾಳೆಯ ತುದಿ ಕೊಳವೆಯೊಳಗೆ ಕೂರುತ್ತದೆ, ಶಾಖ ತಡೆಯುವ ಕವಚದೊಳಗೆ ಐಸ್ ಇರುತ್ತದೆ, ಅದರ ನಡುವಿನ ಪಾತ್ರೆಗೆ ರಸ ಇಳಿಯುತ್ತದೆ. ಹೀಗೆ ತಂಪಿನಲ್ಲಿ ಹಿಡಿದ ರಸವನ್ನು ಸಂಸ್ಥೆ ಕಲ್ಪರಸ ಎಂದು ಕರೆಯುತ್ತದೆ. ಹುಳಿ ತಡೆಯಲು ಮಡಕೆಗೆ ಬಳಿಯುವ ಸುಣ್ಣ ಇದಕ್ಕೆ ಬೇಡ.

• ಕೆಳಗಿನ ಕ್ಯಾನು, ಸೋಸುವ ಪಾತ್ರೆ, ಲಾಳಿಕೆ, ಸೌಟು ಎಲ್ಲವೂ ಸ್ಟೇನ್‌ಲೆಸ್ ಸ್ಟೀಲಿನದಾಗಿರಲಿ. ಬಾಯಿ ಅಗಲವಾಗಿ, ಕೈ ಹಾಕಿ ಉಜ್ಜುವಂತಿರಲಿ. ಒಳಗೆ ಬೆಸುಗೆಯ ಉಬ್ಬು, ಚಡಿ, ಮಡಿಕೆ ಇರಬಾರದು.

• ಪ್ಲಾಸ್ಟಿಕ್ ಬಳಸಲೇಬೇಕಾದರೆ ಆಹಾರಕ್ಕೆಂದೇ ಮಾಡಿದ ಹೊಸ ಕ್ಯಾನು ತನ್ನಿ. ಒಳಗೆ ಗೀರು ಬಿದ್ದ ದಿನ ಅದನ್ನು ನೀರಾ ಕೆಲಸದಿಂದ ತೆಗೆಯಿರಿ. ಗೀರಿನೊಳಗೆ ಕೂತ ಯೀಸ್ಟ್ ಯಾವ ಬ್ರಶ್ಶಿಗೂ ಸಿಗುವುದಿಲ್ಲ.

• ನೀರಾ ಪಾತ್ರೆಗಳಿಗೆ ಬಣ್ಣದ ಗುರುತು ಹಾಕಿ ಬೇರೆ ಜಾಗದಲ್ಲಿ ಬೋರಲು ಹಾಕಿ.

ಮಾಡಬಾರದ್ದು

• ಔಷಧಿ ಹೊಡೆಯುವ ಕ್ಯಾನು, ಕೀಟನಾಶಕದ ಡಬ್ಬ, ಎಂಜಿನ್ ಆಯಿಲ್ ಕ್ಯಾನು ಎಷ್ಟು ತೊಳೆದರೂ ನೀರಾಕ್ಕೆ ಬೇಡವೇ ಬೇಡ.

• ಡೇರಿಗೆ ಹಾಲು ಹಾಕುವ ಕ್ಯಾನನ್ನು ಬಳಸಬೇಡಿ. ಹಾಲನ್ನು ಮೊಸರಾಗಿಸುವ ಬ್ಯಾಕ್ಟೀರಿಯಾ ನೀರಾವನ್ನೂ ಹುಳಿಸುತ್ತದೆ. ಮರುದಿನ ಅದೇ ಕ್ಯಾನಿನಲ್ಲಿ ಹಾಲು ಹಾಕಿದರೆ ಹಾಲೂ ಹೋಯಿತು.

• ಸುಣ್ಣ ಬಳಿದ ಮಡಕೆಯ ನೀರಾವನ್ನು ಅಲ್ಯೂಮಿನಿಯಂ ಪಾತ್ರೆಗೆ ಬಗ್ಗಿಸಬೇಡಿ. ಸುಣ್ಣ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ.

• ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರದ ಪಾತ್ರೆ, ಸತುವಿನ ಲೇಪವಿರುವ ಬಕೀಟು ಬೇಡ. ರಸ ಸ್ವಲ್ಪ ಹುಳಿದರೂ ಲೋಹ ಕರಗಿ ಸೇರುತ್ತದೆ.

• ಮಣ್ಣಿನ ಮಡಕೆಯನ್ನು ಸಾಗಣೆಗೆ, ಸಂಗ್ರಹಕ್ಕೆ ಬಳಸಬೇಡಿ. ಮಡಕೆಯ ಸಣ್ಣ ರಂಧ್ರಗಳೇ ಹಿಂದಿನ ದಿನದ ಹೆಪ್ಪು. ಹೆಂಡ ಬೇಕಿದ್ದ ಕಾಲಕ್ಕೆ ಅದು ಅನುಕೂಲ, ನೀರಾಕ್ಕೆ ಅದೇ ಶತ್ರು.

3. ತೊಳೆಯುವ ಕ್ರಮ

ಮಾಡಬೇಕಾದ್ದು

• ಪಾತ್ರೆ ಖಾಲಿಯಾದ ತಕ್ಷಣ ತಣ್ಣೀರಿನಲ್ಲಿ ಜಾಲಿಸಿ. ಸಕ್ಕರೆ ಅಂಟು ಒಣಗಿದ ಮೇಲೆ ಕೆಲಸ ಎರಡರಷ್ಟು.

• ಅನಂತರ ಬಿಸಿನೀರು, ವಾಷಿಂಗ್ ಸೋಡಾ ಹಾಕಿ ಬ್ರಶ್ಶಿನಿಂದ ಉಜ್ಜಿ. ಮುಚ್ಚಳದ ರಬ್ಬರ್ ಬಿಚ್ಚಿ ಅದನ್ನೂ, ಅದು ಕೂರುವ ಚಡಿಯನ್ನೂ ಉಜ್ಜಿ. ನಲ್ಲಿ ಇರುವ ಕ್ಯಾನಾದರೆ ನಲ್ಲಿಯನ್ನು ಪೂರ್ತಿ ಕಳಚಿ ತೊಳೆಯಿರಿ. ಹುಳಿ ಶುರುವಾಗುವುದು ಅಲ್ಲಿಂದಲೇ.

• ಕೊನೆಗೆ ಕುದಿಯುವ ನೀರು ಸುರಿದು ಮುಚ್ಚಿ ಕೆಲವು ನಿಮಿಷ ಬಿಡಿ. ಕುದಿನೀರು ತಾಳದ ಪ್ಲಾಸ್ಟಿಕ್ಕಿಗೆ ಕ್ಲೋರಿನ್ ದ್ರಾವಣ ಬಳಸಿ. ಶೇ 5ರ ಸೋಡಿಯಂ ಹೈಪೋಕ್ಲೋರೈಟನ್ನು ಲೀಟರ್ ನೀರಿಗೆ 4 ಮಿಲಿಲೀಟರ್ ಬೆರೆಸಿದರೆ 200 ಪಿಪಿಎಂ ಆಗುತ್ತದೆ, ಅಷ್ಟು ಸಾಕು. ಐದು ನಿಮಿಷ ಬಿಟ್ಟು ಚೆಲ್ಲಿ, ಕುದಿಸಿ ಆರಿಸಿದ ನೀರಿನಲ್ಲಿ ಜಾಲಿಸಿ.

• ತೊಳೆದದ್ದನ್ನು ಬೋರಲು ಹಾಕಿ ತಾನಾಗಿ ಒಣಗಲು ಬಿಡಿ.

ಮಾಡಬಾರದ್ದು

• ಕ್ಲೋರಿನ್ ದ್ರಾವಣಕ್ಕೆ ನಿಂಬೆಹುಳಿ, ವಿನೆಗರ್, ಟಾಯ್ಲೆಟ್ ತೊಳೆಯುವ ಆಸಿಡ್ ಯಾವುದನ್ನೂ ಸೇರಿಸಬೇಡಿ. ಹೊರಡುವ ಕ್ಲೋರಿನ್ ಅನಿಲ ಶ್ವಾಸಕೋಶ ಸುಡುತ್ತದೆ.

• ಸ್ಟೀಲ್ ಪಾತ್ರೆಯಲ್ಲಿ ಕ್ಲೋರಿನ್ ನೀರು ರಾತ್ರಿಯಿಡೀ ನಿಲ್ಲಿಸಬೇಡಿ. ಸ್ಟೀಲಿನಲ್ಲೂ ಸಣ್ಣ ಗುಳಿ ಬೀಳುತ್ತದೆ.

• ಬೂದಿ, ಮಣ್ಣು, ತೆಂಗಿನ ನಾರು ಹಾಕಿ ಉಜ್ಜಬೇಡಿ. ಹೊರಗೆ ಹೊಳೆಯುತ್ತದೆ, ಒಳಗೆ ಗೀರು ಬೀಳುತ್ತದೆ.

• ತೊಳೆದ ಪಾತ್ರೆಯ ಒಳಭಾಗವನ್ನು ಹೆಗಲ ಮೇಲಿನ ಟವೆಲಿನಿಂದ ಒರೆಸಬೇಡಿ.

4. ಮರದಿಂದ ಕ್ಯಾನಿಗೆ

ಮಾಡಬೇಕಾದ್ದು

• ಬೆಳಗ್ಗೆ, ಸಂಜೆ ಎರಡು ಹೊತ್ತೂ ಇಳಿಸಿ. ಚಿಲ್ಲರ್‌ನ ಐಸ್ 10ರಿಂದ 12 ಗಂಟೆ ತಂಪು ಹಿಡಿಯುತ್ತದೆ, ಅದಕ್ಕಿಂತ ಹೆಚ್ಚು ನಂಬಬೇಡಿ.

• ತುಂಬಿದ ಪಾತ್ರೆಯನ್ನು ಹಗ್ಗ ಕಟ್ಟಿ ಕೆಳಗಿಳಿಸಿ, ಕೆಳಗೆ ಒಬ್ಬರು ನಿಂತು ಹಿಡಿಯಲಿ. ಹತ್ತಿದವರಿಗೆ ಸೊಂಟದ ಬೆಲ್ಟ್ ಇರಲೇಬೇಕು.

• ಕೆಳಗಿನ ಕ್ಯಾನು ಮೊದಲೇ ತಣ್ಣಗಿರಲಿ. ರಸ ಸುರಿಯುವ ಅರ್ಧ ಗಂಟೆ ಮುಂಚೆ ಅದನ್ನು ಐಸಿನ ನಡುವೆ ಕೂರಿಸಿ. ಬಿಸಿಲಿಗೆ ಕಾದ ಕ್ಯಾನಿಗೆ ತಂಪು ನೀರಾ ಸುರಿದರೆ ರಾತ್ರಿಯೆಲ್ಲ ಕಾಪಾಡಿದ ತಂಪು ಒಂದೇ ಗಳಿಗೆಯಲ್ಲಿ ಹೋಗುತ್ತದೆ.

• ಪ್ರತಿ ಮರದ ರಸವನ್ನು ಸುರಿಯುವ ಮೊದಲು ಮೂಸಿ ನೋಡಿ, ಬಣ್ಣ ನೋಡಿ. ತಂಪಿನಲ್ಲಿ ಹಿಡಿದ ರಸ ತಿಳಿ ಜೇನಿನ ಬಣ್ಣದಲ್ಲಿರುತ್ತದೆ. ಬೆಳ್ಳಗೆ ಮಜ್ಜಿಗೆಯಂತೆ ಕದಡಿ, ಮೇಲೆ ನೊರೆ ಕಟ್ಟಿದ್ದರೆ ಅದು ಹುಳಿದಿದೆ.

ಮಾಡಬಾರದ್ದು

• ಮರದ ಮೇಲೆಯೇ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಬಗ್ಗಿಸಬೇಡಿ. ಎರಡು ಕೈಯೂ ಪಾತ್ರೆಯ ಮೇಲಿದ್ದರೆ ಮರ ಹಿಡಿಯುವವರು ಯಾರು?

• ಒಂದು ಮರದ ಹುಳಿದ ರಸವನ್ನು "ಸ್ವಲ್ಪ ತಾನೆ" ಎಂದು ಕ್ಯಾನಿಗೆ ಸೇರಿಸಬೇಡಿ. ಹುಳಿದ ಒಂದು ಲೋಟ ಹತ್ತು ಲೀಟರಿಗೆ ಹೆಪ್ಪು.

• ಸುಣ್ಣದ ಮಡಕೆಯ ನೀರಾವನ್ನೂ ಚಿಲ್ಲರ್ ನೀರಾವನ್ನೂ ಒಂದೇ ಕ್ಯಾನಿನಲ್ಲಿ ಬೆರೆಸಬೇಡಿ. ಸುಣ್ಣದ್ದನ್ನು ತಳ ಕೂರಲು ಬಿಟ್ಟು ಮೇಲಿನ ತಿಳಿಯನ್ನಷ್ಟೇ ಬೇರೆ ಪಾತ್ರೆಗೆ ತೆಗೆಯಿರಿ.

• ಚಿಲ್ಲರ್‌ನ ಪಾತ್ರೆಯಲ್ಲಿ ಹಿಂದಿನ ಹೊತ್ತಿನ ಒಂದು ಹನಿಯನ್ನೂ ಉಳಿಸಿ ಮರಕ್ಕೆ ಮರಳಿ ಕಟ್ಟಬೇಡಿ. ಪ್ರತಿ ಹೊತ್ತಿಗೂ ತೊಳೆದ ಇನ್ನೊಂದು ಪಾತ್ರೆ ಬೇಕು. ಎಂದರೆ ಮರಕ್ಕೆ ಎರಡು ಜೊತೆ.

5. ಐಸಿನ ಲೆಕ್ಕ

ಮಾಡಬೇಕಾದ್ದು

• ಐಸನ್ನು ಅಂದಾಜಿಗೆ ತರಬೇಡಿ, ಲೆಕ್ಕ ಹಾಕಿ ತನ್ನಿ. 30 ಡಿಗ್ರಿಯ ಒಂದು ಲೀಟರ್ ರಸವನ್ನು 4 ಡಿಗ್ರಿಗೆ ಇಳಿಸಲು ಸುಮಾರು 26 ಕಿಲೊಕ್ಯಾಲೊರಿ ಶಾಖ ತೆಗೆಯಬೇಕು. ಒಂದು ಕಿಲೊ ಐಸ್ ಕರಗುವಾಗ ಹೀರುವುದು 80 ಕಿಲೊಕ್ಯಾಲೊರಿ. ಹತ್ತು ಲೀಟರಿಗೆ ಕಾಗದದ ಮೇಲೆ ಮೂರೂಕಾಲು ಕಿಲೊ. ಪೆಟ್ಟಿಗೆಗೆ ತಾಗುವ ಬಿಸಿಲು, ಮುಚ್ಚಳ ತೆಗೆಯುವಾಗ ಹೋಗುವ ತಂಪು ಸೇರಿಸಿದರೆ ಐದಾರು ಕಿಲೊ ಕೈಯಲ್ಲಿರಬೇಕು.

• ಕ್ಯಾನಿನ ಸುತ್ತ ಐಸ್ ಜೊತೆ ಸ್ವಲ್ಪ ನೀರೂ ಇರಲಿ. ನೀರಿಲ್ಲದ ಬರೀ ಐಸ್ ತುಂಡುಗಳ ನಡುವೆ ಗಾಳಿ ನಿಲ್ಲುತ್ತದೆ, ಐಸ್ ನೀರು ಕ್ಯಾನಿನ ಮೈಗೆ ಪೂರ್ತಿ ಅಂಟಿ ಬೇಗ ತಂಪಾಗಿಸುತ್ತದೆ. ನೀರಿನ ಮಟ್ಟ ಕ್ಯಾನಿನ ಕತ್ತಿಗಿಂತ ಸಾಕಷ್ಟು ಕೆಳಗಿರಲಿ.

• ಸ್ಟೀಲ್ ಸೌಟಿನಿಂದ ಆಗಾಗ ನಿಧಾನ ತಿರುಗಿಸಿ. ಇಲ್ಲದಿದ್ದರೆ ಅಂಚಿನದು ತಣ್ಣಗಾಗಿ ನಡುವಿನದು ಬೆಚ್ಚಗೇ ಉಳಿಯುತ್ತದೆ.

• ಒಂದು ಥರ್ಮಾಮೀಟರ್ ಕೊಳ್ಳಿ. ಕೈ ಮುಟ್ಟಿ "ತಣ್ಣಗಿದೆ" ಎನ್ನುವ ಮಾತು ಸಾಲದು. 4 ಡಿಗ್ರಿ ಎಂದರೆ 4 ಡಿಗ್ರಿ.

ಮಾಡಬಾರದ್ದು

• ಐಸ್ ತುಂಡನ್ನು ನೀರಾದೊಳಗೆ ಹಾಕಬೇಡಿ. ಮೀನು ಅಂಗಡಿಗೆ ಹೋಗುವ ಐಸ್ ಯಾವ ನೀರಿನದೋ ನಿಮಗೆ ಗೊತ್ತಿಲ್ಲ. ಒಳ್ಳೆಯ ನೀರಿನದೇ ಆದರೂ ರಸ ತೆಳ್ಳಗಾಗುತ್ತದೆ, ಅದನ್ನು ಮಾರುವುದು ಕಲಬೆರಕೆ.

• ಕರಗಿದ ಐಸ್ ನೀರಿನಲ್ಲಿ ಲೋಟ, ಲಾಳಿಕೆ ಅದ್ದಬೇಡಿ.

• ಐಸ್ ಮುಗಿದ ಮೇಲೆ ಮತ್ತೆ ಐಸ್ ತರುವವರೆಗೆ ಕಾಯುವ ಯೋಚನೆ ಬೇಡ. ಆ ಹೊತ್ತಿನ ರಸವನ್ನು ಕೂಡಲೇ ಒಲೆಯ ಮೇಲಿಟ್ಟು ಬೆಲ್ಲಕ್ಕೆ ಕುದಿಸಿ.

6. ಸೋಸುವುದು, ಬಗ್ಗಿಸುವುದು

ಮಾಡಬೇಕಾದ್ದು

• ಕೆಳಗಿಳಿದ ತಕ್ಷಣ, ಮೊದಲ ಕ್ಯಾನಿಗೆ ಹೋಗುವ ಮುನ್ನವೇ ಒಮ್ಮೆ ಸೋಸಿ. ಇರುವೆ, ಜೇನುನೊಣ, ಹೊಂಬಾಳೆಯ ಸಿಪ್ಪೆ ಎಷ್ಟು ಹೊತ್ತು ರಸದಲ್ಲಿ ನೆನೆಯುತ್ತವೆಯೋ ಅಷ್ಟು ಹುಳಿಯ ಬೀಜ ಬಿತ್ತುತ್ತವೆ. ಸ್ಟೀಲ್ ಜಾಲರಿ, ಅದರ ಮೇಲೆ ಕುದಿಸಿ ಹಿಂಡಿದ ಬಿಳಿ ಬಟ್ಟೆ.

• ಪಾತ್ರೆ ಓರೆ ಮಾಡಿ ಒಳಗೋಡೆಯ ಗುಂಟ ಇಳಿಯುವಂತೆ ಬಗ್ಗಿಸಿ. ನೊರೆ ಏಳಬಾರದು. ಗಾಳಿ ಬೆರೆತಷ್ಟೂ ಬಣ್ಣ ಕಪ್ಪಾಗುತ್ತದೆ, ಗಾಳಿಯ ಧೂಳಿನ ಯೀಸ್ಟ್ ಒಳ ಸೇರುತ್ತದೆ.

• ದೊಡ್ಡ ಕ್ಯಾನಿನಿಂದ ಬಾಟಲಿಗಳಿಗೆ ತುಂಬುವಾಗ ಕೊಳವೆ ಬಳಸಿ. ಕ್ಯಾನು ಎತ್ತರದಲ್ಲಿ, ಬಾಟಲಿ ಕೆಳಗೆ. ಕೊಳವೆಯ ತುದಿ ಬಾಟಲಿಯ ತಳ ಮುಟ್ಟಿರಲಿ. ಕೊಳವೆಯನ್ನು ಮೊದಲೇ ಕುದಿಸಿ ಆರಿಸಿದ ನೀರಿನಿಂದ ತುಂಬಿ, ಬೆರಳಲ್ಲಿ ಒತ್ತಿ ಹಿಡಿದು ಕ್ಯಾನಿಗಿಳಿಸಿ. ಮೊದಲು ಬರುವ ನೀರನ್ನು ಬೇರೆ ಲೋಟಕ್ಕೆ ಬಿಟ್ಟು ಚೆಲ್ಲಿ, ರಸ ಬಂದ ಮೇಲೆ ಬಾಟಲಿಗೆ ಹಿಡಿಯಿರಿ.

• ಕೊಳವೆ ಸಿಲಿಕೋನಿನದಾಗಿರಲಿ, ಒಳಗೇನಿದೆ ಎಂದು ಕಾಣುವಂತಿರಲಿ. ಪ್ರತಿದಿನ ಕುದಿಸಿ. ಕಲೆ ಹಿಡಿದ ಕೊಳವೆಯನ್ನು ತೋಟದ ಕೆಲಸಕ್ಕೆ ಕೊಟ್ಟುಬಿಡಿ.

ಮಾಡಬಾರದ್ದು

• ಕೊಳವೆಯನ್ನು ಬಾಯಿಂದ ಎಳೆಯಬೇಡಿ. ಸೀಮೆಎಣ್ಣೆ ಬಗ್ಗಿಸುವ ಅಭ್ಯಾಸ ಇಲ್ಲಿಗೆ ಬರಬಾರದು. ನಿಮ್ಮ ಬಾಯಿಯ ಬ್ಯಾಕ್ಟೀರಿಯಾ ಇಪ್ಪತ್ತು ಬಾಟಲಿಗಳಿಗೆ ಹಂಚಿಹೋಗುತ್ತದೆ.

• ಎರಡು ದಿನದ ರಸವನ್ನು ಒಂದೇ ಪಾತ್ರೆಗೆ ಸೇರಿಸಬೇಡಿ. ಬೆಳಗಿನದಕ್ಕೂ ಸಂಜೆಯದಕ್ಕೂ ಬೇರೆ ಕ್ಯಾನು, ಬೇರೆ ಚೀಟಿ.

• ಅರ್ಧ ಖಾಲಿಯಾದ ಕ್ಯಾನಿಗೆ ಹೊಸ ರಸ ಸುರಿದು ತುಂಬಿಸಬೇಡಿ. ಹಳೆಯದು ಕೆಟ್ಟಿದ್ದರೆ ಎರಡೂ ಹೋಗುತ್ತವೆ.

• ಕೊಟ್ಟಿಗೆ ಪಕ್ಕ, ರಸ್ತೆಯ ಧೂಳಿನಲ್ಲಿ, ಹಲಸು ಬಿಡಿಸುವ ಜಾಗದಲ್ಲಿ ಈ ಕೆಲಸ ಬೇಡ. ಹಣ್ಣು ಬಿದ್ದು ಕೊಳೆತಲ್ಲಿ ಗಾಳಿಯ ತುಂಬ ಯೀಸ್ಟ್ ಇರುತ್ತದೆ, ನೊಣವೂ ಇರುತ್ತದೆ. ಹಲಸಿನ ಕಾಲಕ್ಕೆ ನಮ್ಮ ಕಡೆ ಇದನ್ನು ಎರಡು ಪಟ್ಟು ಗಮನಿಸಬೇಕು.

7. ಪರೀಕ್ಷೆ ಮಾಡದೆ ಬಾಟಲಿಗೆ ಹಾಕಬೇಡಿ

ಮಾಡಬೇಕಾದ್ದು

• ಪಿಎಚ್ ಕಾಗದ ಅದ್ದಿ ನೋಡಿ. ತಂಪಿನಲ್ಲಿ ಹಿಡಿದ ತಾಜಾ ರಸ 7ರ ಆಸುಪಾಸು ಇರುತ್ತದೆ. 6ಕ್ಕಿಂತ ಕೆಳಗಿಳಿದಿದ್ದರೆ ಹುಳಿ ಹಿಡಿದಿದೆ, ನೀರಾ ಎಂದು ಕೊಡಬೇಡಿ. ಪೂರ್ತಿ ಹೆಂಡವಾದದ್ದು 4ರ ಹತ್ತಿರ ನಿಲ್ಲುತ್ತದೆ.

• ಸಕ್ಕರೆ ಅಂಶ ನೋಡಲು ರಿಫ್ರಾಕ್ಟೋಮೀಟರ್ ಇಡಿ. ಒಳ್ಳೆಯ ರಸ 15 ಬ್ರಿಕ್ಸ್ ಆಸುಪಾಸು ತೋರಿಸುತ್ತದೆ. ಇದ್ದಕ್ಕಿದ್ದಂತೆ ಕಡಿಮೆಯಾದರೆ ಐಸ್ ನೀರು ಸೋರಿದೆ, ಮಳೆ ನೀರು ಸೇರಿದೆ ಅಥವಾ ಹುಳಿತ ಶುರುವಾಗಿದೆ.

• ದಿನಾಂಕ, ಹೊತ್ತು, ಕ್ಯಾನಿನ ಗುರುತು, ತಾಪಮಾನ, ಪಿಎಚ್, ಬ್ರಿಕ್ಸ್ ಬರೆಯುವ ಪುಸ್ತಕವಿರಲಿ. ಯಾವ ಪಾತ್ರೆಯಲ್ಲಿ ಪದೇ ಪದೇ ಕೆಡುತ್ತಿದೆ ಎಂಬುದನ್ನು ಪುಸ್ತಕ ಹೇಳುತ್ತದೆ.

ಮಾಡಬಾರದ್ದು

• ಸುಣ್ಣದ ನೀರಾದ ಪಿಎಚ್ ನೋಡಿ "ಸರಿಯಿದೆ" ಎಂದುಕೊಳ್ಳಬೇಡಿ. ಸುಣ್ಣ ಹುಳಿಯನ್ನು ಮುಚ್ಚಿಡುತ್ತದೆ. ಅಲ್ಲಿ ಮೂಗು, ನಾಲಗೆ ಕೂಡ ಸಾಕ್ಷಿ ಹೇಳಬೇಕು.

• ರಿಫ್ರಾಕ್ಟೋಮೀಟರ್ ಒಂದನ್ನೇ ನಂಬಬೇಡಿ. ಮದ್ಯಸಾರ ಸೇರಿದಾಗ ಅದು ಇರುವುದಕ್ಕಿಂತ ಹೆಚ್ಚು ಸಕ್ಕರೆ ಇದೆ ಎಂದು ತೋರಿಸುತ್ತದೆ.

• ಹುಳಿದದ್ದಕ್ಕೆ ಸುಣ್ಣ, ಅಡುಗೆ ಸೋಡಾ, ಸಕ್ಕರೆ ಹಾಕಿ ಸರಿಪಡಿಸಲು ಹೋಗಬೇಡಿ. ರುಚಿ ಮರೆಯಾಗಬಹುದು, ಮದ್ಯಸಾರ ಮರೆಯಾಗುವುದಿಲ್ಲ.

• ಕೆಡದಿರಲೆಂದು ಫಾರ್ಮಲಿನ್ ಹಾಕಬೇಡಿ. ಅದು ವಿಷ. ಇದರಲ್ಲಿ ರಿಯಾಯಿತಿ ಇಲ್ಲ.

8. ಬಾಟಲಿ, ಮುಚ್ಚಳ, ಅನಿಲ

ಈ ಭಾಗವನ್ನು ಎರಡು ಸಲ ಓದಿ. ಒಂದು ಲೀಟರ್ ನೀರಾದಲ್ಲಿ ಸುಮಾರು 150 ಗ್ರಾಂ ಸಕ್ಕರೆ ಇದೆ. ಅದೆಲ್ಲ ಹುಳಿದರೆ ಹೊರಡುವ ಇಂಗಾಲದ ಡೈಆಕ್ಸೈಡ್ ಸುಮಾರು 40 ಲೀಟರ್. ಹತ್ತರಲ್ಲೊಂದು ಪಾಲು ಹುಳಿದರೂ ಲೀಟರ್ ಬಾಟಲಿಯೊಳಗೆ ನಾಲ್ಕು ಲೀಟರ್ ಅನಿಲ ಸಿಕ್ಕಿಬೀಳುತ್ತದೆ. ಸೋಡಾ ತುಂಬಲು ಮಾಡಿದ ಬಾಟಲಿ ಅದನ್ನು ತಡೆದೀತು, ಜಾಮ್ ಬಾಟಲಿ ತಡೆಯದು. ಬಿಸಿಲಿಗಿಟ್ಟರೆ ಒತ್ತಡ ಇನ್ನೂ ಏರುತ್ತದೆ.

ಮಾಡಬೇಕಾದ್ದು

• 4 ಡಿಗ್ರಿಗೆ ಇಳಿದ ರಸವನ್ನಷ್ಟೇ ಬಾಟಲಿಗೆ ಹಾಕಿ, ಹಾಕಿದ ಕೂಡಲೇ ಫ್ರಿಜ್ಜಿಗೆ ಅಥವಾ ಐಸಿಗೆ.

• ಹೊಸ ಪ್ಲಾಸ್ಟಿಕ್ ಬಾಟಲಿ ಬಳಸಿ. ಆಗಾಗ ಒತ್ತಿ ನೋಡಿ. ಮೈ ಬಿಗಿದು ಕಲ್ಲಿನಂತಾಗಿದ್ದರೆ ಒಳಗೆ ಹುಳಿಯುತ್ತಿದೆ ಎಂದೇ ಅರ್ಥ.

• ಫ್ರೀಜರಿಗೆ ಹಾಕುವುದಾದರೆ ಬಾಟಲಿಯ ಹತ್ತರಲ್ಲೊಂದು ಭಾಗಕ್ಕಿಂತ ಹೆಚ್ಚು ಖಾಲಿ ಬಿಡಿ. ನೀರು ಗಟ್ಟಿಯಾಗುವಾಗ ಶೇ 9ರಷ್ಟು ಹಿಗ್ಗುತ್ತದೆ.

• ಬಿಗಿದ ಬಾಟಲಿ ಸಿಕ್ಕರೆ ಮೊದಲು ಐಸಿನಲ್ಲಿಟ್ಟು ತಣಿಸಿ, ಬಟ್ಟೆ ಮುಚ್ಚಿ, ಮುಖ ಆಚೆ ತಿರುಗಿಸಿ, ಮುಚ್ಚಳವನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಿ.

ಮಾಡಬಾರದ್ದು

• ಗಾಜಿನ ಬಾಟಲಿಗೆ ತುಂಬಿ ಬಿಗಿಯಾಗಿ ಮುಚ್ಚಬೇಡಿ. ಸಿಡಿದ ಗಾಜು ಮೊದಲು ಹುಡುಕುವುದು ಕಣ್ಣನ್ನು.

• ನೀರಾ ತುಂಬಿದ ಬಾಟಲಿಯನ್ನು ಬೈಕಿನ ಡಿಕ್ಕಿಯಲ್ಲಿ, ಬಸ್ಸಿನ ಕಿಟಕಿ ಪಕ್ಕ, ಕಾರಿನ ಹಿಂದಿನ ಗಾಜಿನ ಕೆಳಗೆ ಇಡಬೇಡಿ. ಐಸ್ ಇಲ್ಲದೆ ಚೇಳೂರಿನಿಂದ ತುಮಕೂರಿಗೆ ಹೊರಡುವುದೇ ಬೇಡ.

• ಹುಳಿದ ಬಾಟಲಿಯ ಗಾಳಿ ಬಿಟ್ಟು ಮತ್ತೆ ಬಿಗಿದು ಇಡಬೇಡಿ. ಹುಳಿತ ನಿಂತಿಲ್ಲ.

9. ಬಿಯರ್ ಪೀಪಾಯಿ ಇಲ್ಲಿಗೆ ಬೇಡ

ಗುಜರಿಯಲ್ಲಿ ಸಿಕ್ಕ ಸ್ಟೀಲ್ ಬಿಯರ್ ಪೀಪಾಯಿ ನೀರಾಕ್ಕೆ ಚೆನ್ನಾಗಿರುತ್ತದಲ್ಲ ಎಂದು ಕೇಳುವವರಿದ್ದಾರೆ. ಅಮೆರಿಕದಲ್ಲಿರುವ ಮಗ, ಅಳಿಯ ಒಂದು ಪೀಪಾಯಿಯಿಂದ ಇನ್ನೊಂದಕ್ಕೆ ಬಿಯರ್ ದಾಟಿಸುವ ವಿಡಿಯೊ ಕಳಿಸಿಯೂ ಇರಬಹುದು. ಅಲ್ಲಿನ ಕೇಂದ್ರ ಸರ್ಕಾರ 1978ರ ಕಾನೂನಿನಲ್ಲಿ ಮನೆ ಬಳಕೆಗೆ ಬಿಯರ್ ಮಾಡಿಕೊಳ್ಳಲು ತೆರಿಗೆ ಇಲ್ಲದೆ ಅವಕಾಶ ಕೊಟ್ಟಿತು. ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಎಂದರೆ ಸುಮಾರು 757 ಲೀಟರ್. ನಮ್ಮಲ್ಲಿ ಪರವಾನಗಿ ಇಲ್ಲದೆ ಮನೆಯಲ್ಲಿ ಬಿಯರ್ ಮಾಡುವುದು ಅಪರಾಧ. ಅವರ ವಿಡಿಯೊ ಅವರ ಊರಿಗೆ.

ಕೆಲಸದ ಸ್ವಭಾವವೂ ಬೇರೆ. ಬಿಯರ್ ಹುಳಿದು ಮುಗಿದ ಪಾನೀಯ, ಅದಕ್ಕೆ ಹೆದರಿಕೆ ಆಮ್ಲಜನಕದ್ದು. ಅದಕ್ಕೇ ಅವರು ಎರಡೂ ಪೀಪಾಯಿಗಳಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿ ಒತ್ತಡ ಸರಿದೂಗಿಸಿ, ಖಾಲಿ ಪೀಪಾಯಿಯ ತಳದ ಕೊಳವೆಯಿಂದ ತುಂಬಿಸುತ್ತಾರೆ. ನೀರಾ ಹುಳಿಯಲು ಕಾದು ಕುಳಿತ ರಸ, ಅದಕ್ಕೆ ಬೇಕಾದದ್ದು ತಂಪು ಮತ್ತು ಶುದ್ಧಿ. ಗಾಳಿ ಇಲ್ಲದಿದ್ದರೂ ಯೀಸ್ಟ್ ಕೆಲಸ ನಿಲ್ಲಿಸುವುದಿಲ್ಲ.

ಮಾಡಬೇಕಾದ್ದು

• ಗುರುತಿರುವ ಪೀಪಾಯಿ ಕಂಡರೆ ಮುಟ್ಟದೆ ಬಿಡಿ. ಬಿಯರ್ ತುಂಬಿ ಕಳಿಸುವ ಪೀಪಾಯಿ ಸಾಮಾನ್ಯವಾಗಿ ತಯಾರಿಸಿದ ಕಂಪನಿಯ ಸ್ವತ್ತು.

ಮಾಡಬಾರದ್ದು

• ನಡುವೆ ಒಂದೇ ಕವಾಟವಿರುವ ದೊಡ್ಡ ಪೀಪಾಯಿಯ ಕವಾಟ ಬಿಚ್ಚಬೇಡಿ. ಅದಕ್ಕೆ ಒಳಗೆ ಉದ್ದನೆಯ ಸ್ಟೀಲ್ ಕೊಳವೆ ಜೋಡಿಸಿರುತ್ತದೆ. ಒತ್ತಡ ಉಳಿದಿದ್ದರೆ ಅದು ಈಟಿಯಂತೆ ಹಾರುತ್ತದೆ, ಹಾಗೆ ಜೀವ ಹೋದವರಿದ್ದಾರೆ.

• ಮೇಲೆ ಅಂಡಾಕಾರದ ಮುಚ್ಚಳವಿರುವ 19 ಲೀಟರಿನ ಪೀಪಾಯಿಯನ್ನೂ ನೀರಾ ತುಂಬಿ ಮುಚ್ಚಬೇಡಿ. ಅದರ ರಬ್ಬರ್ ಉಂಗುರಗಳಲ್ಲಿ ಹಳೆಯ ವಾಸನೆ ಉಳಿಯುತ್ತದೆ, ಉದ್ದ ಕೊಳವೆಯೊಳಗೆ ಕೈ ಹೋಗುವುದಿಲ್ಲ.

• ಇಂಗಾಲದ ಡೈಆಕ್ಸೈಡ್ ಸಿಲಿಂಡರನ್ನು ಯಾವ ಪಾತ್ರೆಗೂ ನೇರವಾಗಿ ಜೋಡಿಸಬೇಡಿ. ಬೆಚ್ಚನೆಯ ದಿನ ತುಂಬಿದ ಸಿಲಿಂಡರಿನ ಒತ್ತಡ ವಾತಾವರಣದ ಒತ್ತಡದ ಅರವತ್ತು ಪಟ್ಟಿಗೂ ಹೆಚ್ಚು. ಮುಚ್ಚಿದ ಕೋಣೆಯಲ್ಲಿ ಅದು ಸೋರಿದರೆ ಉಸಿರು ಕಟ್ಟುತ್ತದೆ.

10. ಕೆಟ್ಟದ್ದನ್ನು ಏನು ಮಾಡಬೇಕು

ಮಾಡಬೇಕಾದ್ದು

• ಕೆಡುವ ಮೊದಲೇ ನಿರ್ಧರಿಸಿ. ಸಂಜೆಯೊಳಗೆ ಮಾರಾಟವಾಗದು ಎನಿಸಿದ ರಸವನ್ನು ತಾಜಾ ಇರುವಾಗಲೇ ಬೆಲ್ಲಕ್ಕೆ ಹಾಕಿ. ಹತ್ತು ಲೀಟರಿಗೆ ಸುಮಾರು ಒಂದೂವರೆ ಕಿಲೊ ಬೆಲ್ಲ ಸಿಗುತ್ತದೆ.

• ಹುಳಿದದ್ದನ್ನು ತಿಪ್ಪೆಗೆ ಅಥವಾ ಗೊಬ್ಬರದ ಗುಂಡಿಗೆ ಸುರಿಯಿರಿ, ಎಷ್ಟು ಎಂದು ಪುಸ್ತಕದಲ್ಲಿ ಬರೆಯಿರಿ.

ಮಾಡಬಾರದ್ದು

• ಹುಳಿ ಹಿಡಿದ ರಸವನ್ನು ಬೆಲ್ಲಕ್ಕೆ ಕುದಿಸಬೇಡಿ. ಹುಳಿಯಿಂದ ಸಕ್ಕರೆ ಒಡೆದು ಪಾಕ ಗಟ್ಟಿಯಾಗುವುದಿಲ್ಲ, ಅಂಟಾಗಿಯೇ ಉಳಿಯುತ್ತದೆ. ಸೌದೆಯೂ ದಂಡ.

• ವಿನೆಗರ್ ಮಾಡುತ್ತೇವೆಂದು ಹುಳಿಯಲು ಬಿಡಬೇಡಿ. ವಿನೆಗರಿಗೆ ಮುಂಚೆ ಅದು ಹೆಂಡವಾಗಿಯೇ ಹೋಗಬೇಕು, ಅದಕ್ಕೆ ನಿಮಗೆ ಅನುಮತಿ ಇಲ್ಲ.

• ದನಕ್ಕೆ ಕುಡಿಸಬೇಡಿ. ಕೂಲಿಯವರಿಗೆ ಹಂಚಬೇಡಿ.

11. ಲೋಟಕ್ಕೆ ಸುರಿಯುವಾಗ

ಮಾಡಬೇಕಾದ್ದು

• ಐಸಿನಲ್ಲಿ ಕೂತ ಕ್ಯಾನಿನಿಂದಲೇ, ಗಿರಾಕಿ ಎದುರಿಗೇ ಸುರಿಯಿರಿ. ಸೌಟನ್ನು ಕ್ಯಾನಿನ ಮುಚ್ಚಳದ ಮೇಲಿಡಬೇಡಿ, ಮುಚ್ಚಿದ ಸ್ಟೀಲ್ ಡಬ್ಬದಲ್ಲಿಡಿ.

• ಮನೆಗೆ ಒಯ್ಯುವವರಿಗೆ ಫ್ರಿಜ್ಜಿನಲ್ಲಿಡಿ, ಇಂದೇ ಕುಡಿದು ಮುಗಿಸಿ ಎಂದು ಬಾಯಿಬಿಟ್ಟು ಹೇಳಿ. ಬಾಟಲಿಯ ಚೀಟಿಯ ಮೇಲೂ ಅದೇ ಬರೆದಿರಲಿ.

ಮಾಡಬಾರದ್ದು

• ಗಿರಾಕಿ ತಂದ ಬಾಟಲಿಗೆ ತುಂಬಬೇಡಿ. ಅದರಲ್ಲಿ ಏನಿತ್ತು, ಹೇಗೆ ತೊಳೆದಿದ್ದಾರೆ ನಿಮಗೆ ಗೊತ್ತಿಲ್ಲ. ಕೆಟ್ಟರೆ ಹೆಸರು ನಿಮ್ಮದು.

• ನೀರಾ ಸಕ್ಕರೆ ಕಾಯಿಲೆಗೆ ಮದ್ದು ಎಂದು ಹೇಳಬೇಡಿ. 200 ಮಿಲಿಲೀಟರಿನ ಒಂದು ಲೋಟದಲ್ಲಿ ಸುಮಾರು 30 ಗ್ರಾಂ ಸಕ್ಕರೆ ಇದೆ. ಅದು ತಂಪು ಪಾನೀಯ, ರುಚಿಯ ಪಾನೀಯ. ಅಷ್ಟು ಹೇಳಿದರೆ ಸಾಕು.

• ಹುಳಿ ವಾಸನೆ ಬಂದ ಕ್ಯಾನಿನಿಂದ ಮಕ್ಕಳಿಗೆ, ಬಸುರಿಯರಿಗೆ ಕೊಡಬೇಡಿ. ನಿಜವಾಗಿ ಯಾರಿಗೂ ಕೊಡಬೇಡಿ.

ಇಷ್ಟೆಲ್ಲ ಮಾಡಲು ಮನೆಯಲ್ಲಿ ಕೈ ಸಾಲದು, ಐಸ್ ಸಿಗದು, ಮರಕ್ಕೆ ಎರಡು ಜೊತೆ ಪಾತ್ರೆ ಕೊಳ್ಳಲು ಆಗದು ಎನ್ನುವವರು ನೀರಾಕ್ಕೆ ಕೈ ಹಾಕಬೇಡಿ. ಎಳನೀರು ಮಾರಿ, ಕೊಬ್ಬರಿ ಮಾಡಿ, ಅದರಲ್ಲೂ ಬದುಕಿದೆ. ಆಗುತ್ತದೆ ಎನ್ನುವವರು ಮೊದಲು ಎರಡು ಮೂರು ಮರಗಳಿಗಷ್ಟೇ ಅನುಮತಿ ಪಡೆದು ಕೈ ಕುದುರಿಸಿಕೊಳ್ಳಿ. ತರಬೇತಿ, ಸಾಧನಗಳ ವಿಚಾರಕ್ಕೆ ತೆಂಗು ಅಭಿವೃದ್ಧಿ ಮಂಡಳಿಯ ಬೆಂಗಳೂರು ಕಚೇರಿ ಇದೆ, ಜಿಲ್ಲೆಯೊಳಗೆ ಹಿರೇಹಳ್ಳಿ ಮತ್ತು ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಗಳಿವೆ, ಹೋಗಿ ಕೇಳಿ. ಒಬ್ಬರ ಕ್ಯಾನಿನಲ್ಲಿ ಹುಳಿದ ನೀರಾ ಪೊಲೀಸರ ಕೈಗೆ ಸಿಕ್ಕರೆ ಇಡೀ ಹೋಬಳಿಯ ಅನುಮತಿಗೆ ಕುತ್ತು ಬರುತ್ತದೆ. ಆದ್ದರಿಂದ ಈ ಪಟ್ಟಿಯಲ್ಲಿ ಒಂದನ್ನೂ ಬಿಡಬೇಡಿ, ಪಕ್ಕದ ತೋಟದವರು ಬಿಡುವುದನ್ನು ಕಂಡರೂ ಸುಮ್ಮನಿರಬೇಡಿ.